ಹುಲ್ಲು ಕತ್ತರಿಸುವ ಗಾಡಿಯ ಡ್ರೈವರ್

ಉದಯಕುಮಾರನಿಗೆ ಹೆಣ್ಣು ನೋಡಲು ಕಾಳಗಿಗೆ ಹೋದಾಗ ಅವನ ಅವ್ವ ಹೇಳಿದ್ದು ಒಂದೇ ಮಾತು: "ನಮ್ಮ ಮಗಾ ಫ್ಯಾಕ್ಟರ್ಯಾಗ ಡ್ರೈವರ್ ಅದಾನ್ರಿ." ಸುಳ್ಳಲ್ಲ. ಹೆಣ್ಣಿನ ಕಡೆಯ ಹಿರಿಯರೊಬ್ಬರು ಚಹಾದ ಬಸಿ ಕೆಳಗಿಟ್ಟು, "ಏನ್ ಗಾಡಿ ತಮ್ಮಾ? ಟಿಪ್ಪರೋ, ಬಲ್ಕರೋ?" ಎಂದು ಕೇಳಿದರು. "ನಾಲ್ಕ ಗಾಲೀದು ರೀ" ಎಂದ ಉದಯ. ಅದೂ ಸುಳ್ಳಲ್ಲ. "ಲೋಡ್ ಎಷ್ಟ ಹೊರತದ?" ಎಂಬ ಮುಂದಿನ ಪ್ರಶ್ನೆಗೆ ಅವನು ತನ್ನ ಮೈಯನ್ನೇ ಒಮ್ಮೆ ನೋಡಿಕೊಂಡ. ಆ ಗಾಡಿ ಹೊರುವ ಲೋಡ್ ಎಂದರೆ ಅವನೊಬ್ಬನೇ. ಹೊಟ್ಟೆ ತುಂಬ ಉಂಡ ಮೇಲೂ ಒಂದು ಚೀಲ ಸಿಮೆಂಟಿಗಿಂತ ತುಸುವೇ ಹೆಚ್ಚು ತೂಗುವ ಆಳು.

ಸಂಬಂಧ ಕೂಡಿ ಬರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ತಂಗಿ ಭಾಗ್ಯಶ್ರೀ ಅವನ ಕಡೆ ತಿರುಗಿ, "ಅಣ್ಣಾ, ಹುಲ್ಲು ಅಂತ ಬಾಯಿ ಬಿಡಲಿಲ್ಲ ನೋಡು, ಛಲೋ ಮಾಡ್ದಿ. ಅಂದಿದ್ರ ದನಾ ಎಷ್ಟ ಅದಾವ ಅಂತ ಕೇಳ್ತಿದ್ರು" ಎಂದಳು. ಅವ್ವ ಇಬ್ಬರನ್ನೂ ಗದರಿಸಿ ಕಿಟಕಿಯ ಹೊರಗೆ ನೋಡತೊಡಗಿದಳು.

ಅವನು ಓಡಿಸುವುದು ಹುಲ್ಲು ಕತ್ತರಿಸುವ ಗಾಡಿ. ಮೇಲೆ ಒಂದು ಸೀಟು, ಮುಂದೆ ಆಟಿಕೆಯಂಥ ಸ್ಟಿಯರಿಂಗ್, ಹೊಟ್ಟೆಯ ಕೆಳಗೆ ಬೋರಲು ಹಾಕಿದ ಪರಾತದಂಥ ಅಗಲವಾದ ತಗಡು. ಆ ತಗಡಿನೊಳಗೆ ತಿರುಗುವ ಬ್ಲೇಡು. ಕೂತು ಓಡಿಸುತ್ತ ಹೋದರೆ ಹುಲ್ಲು ತಾನೇ ಕತ್ತರಿಸಿಕೊಂಡು ಬಗಲಿನಿಂದ ಹೊರಗೆ ಬೀಳುತ್ತದೆ. ವಾಡಿ ದಾಟಿ ಚಿತ್ತಾಪುರದ ದಿಕ್ಕಿಗೆ ಹೋದರೆ ಸಿಗುವ ಒಂದು ಸಿಮೆಂಟ್ ಫ್ಯಾಕ್ಟರಿಯ ಕಾಲೊನಿಯಲ್ಲಿ ಈ ಗಾಡಿ ಇದೆ. ಸುತ್ತಲಿನ ನೆಲವೆಲ್ಲ ತೊಗರಿ ಮತ್ತು ಬೂದುಗಲ್ಲು. ಕಾಲೊನಿಯ ಗೇಟಿನೊಳಗೆ ಮಾತ್ರ, ಗೆಸ್ಟ್ ಹೌಸಿನ ಮುಂದೆ, ಕ್ಲಬ್ಬಿನ ಮುಂದೆ, ಸಾಹೇಬರ ಬಂಗಲೆಗಳ ಮುಂದೆ, ಹಳೆಯ ಗಣಿಯಲ್ಲಿ ನಿಂತ ನೀರನ್ನು ಎಳೆದು ಬೆಳೆಸಿದ ಹಸಿರು ಹುಲ್ಲು. ಅಲ್ಲಿ ಎಮ್ಮೆ ಬಿಡುವ ಹಾಗಿಲ್ಲ. ಆದ್ದರಿಂದ ಉದಯಕುಮಾರನನ್ನು ಬಿಟ್ಟಿದ್ದಾರೆ.

ಅವನ ಊರು ಶಹಾಬಾದ. ಕತ್ತಲು ಹರಿಯುವ ಮೊದಲು ಎದ್ದು, ಪ್ಯಾಸೆಂಜರ್ ರೈಲಿನಲ್ಲಿ ನಿಂತು ವಾಡಿಗೆ ಬಂದು, ಅಲ್ಲಿಂದ ಟಂಟಂ ಆಟೋ ಹತ್ತಿ, ಡ್ರೈವರನ ಪಕ್ಕದಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಕೂತು ಕಾಲೊನಿ ಮುಟ್ಟುತ್ತಾನೆ. ಇಷ್ಟು ದೂರ ಬಂದು ದಿನವಿಡೀ ಮಾಡುವುದೇನೆಂದರೆ ಒಂದೇ ಬಯಲನ್ನು ಸುತ್ತುವುದು. ಬಸ್ಸಿನ ಡ್ರೈವರ್ ಸಂಜೆಗೆ ಸೇಡಂ ಮುಟ್ಟುತ್ತಾನೆ, ಚಿಂಚೋಳಿ ಮುಟ್ಟುತ್ತಾನೆ. ಉದಯಕುಮಾರ ಸಂಜೆಗೆ ಹೊರಟ ಜಾಗವನ್ನೇ ಮುಟ್ಟುತ್ತಾನೆ. ಮುಟ್ಟುವಷ್ಟರಲ್ಲಿ ಮೊದಲು ಕತ್ತರಿಸಿದ ಮೂಲೆಯ ಹುಲ್ಲು ಮತ್ತೆ ತಲೆಯೆತ್ತಿರುತ್ತದೆ. ದಣಿವು ಎಂದರೆ ಬೆನ್ನು ನೋವು ಎಂದು ಅವನು ಮೊದಲು ತಿಳಿದಿದ್ದ. ಬೆನ್ನು ನೋಯದೆಯೂ ದಣಿಯಬಹುದು ಎಂದು ಈ ಸೀಟು ಕಲಿಸಿತು.

ಹಾಗಿದ್ದೂ ಆ ಸೀಟನ್ನು ಅವನು ಜೀವದ ಹಾಗೆ ಹಿಡಿದುಕೊಂಡಿದ್ದ. ಯಾಕೆಂದರೆ ಅದಕ್ಕೂ ಮೊದಲು ಅವನು ಇದ್ದದ್ದು ಪ್ಯಾಕಿಂಗ್ ಪ್ಲಾಂಟಿನಲ್ಲಿ. ಐ.ಟಿ.ಐ. ಫಿಟ್ಟರ್ ಎಂದು ಸರ್ಟಿಫಿಕೇಟು ಹಿಡಿದು ಬಂದವನಿಗೆ ಗುತ್ತಿಗೆದಾರ ತೋರಿಸಿದ್ದು ಸಿಮೆಂಟ್ ಚೀಲ. ಯಂತ್ರದ ಬಾಯಿಂದ ಬಿಸಿಬಿಸಿ ಬೀಳುವ ಚೀಲವನ್ನು ಲಾರಿಯಲ್ಲಿ ಜೋಡಿಸುವುದು. ಮುಖಕ್ಕೆ ಟವೆಲ್ ಸುತ್ತಿದರೂ ಧೂಳು ದಾರಿ ಹುಡುಕುತ್ತಿತ್ತು. ಬೆವರಿಗೆ ಅಂಟಿದ ಧೂಳು ಒಣಗಿ ಹುಬ್ಬು ಗಟ್ಟಿಯಾಗುತ್ತಿತ್ತು. ನಗುವ ಮೊದಲು ಕೆನ್ನೆಯನ್ನು ಒಮ್ಮೆ ಉಜ್ಜಿಕೊಳ್ಳಬೇಕು. ಮನೆಯಲ್ಲಿ ರಾತ್ರಿಯೆಲ್ಲ ಕೆಮ್ಮು. ಅವ್ವ ಬೆಲ್ಲ ತಿನ್ನಿಸುತ್ತಿದ್ದಳು. ಬೆಲ್ಲ ಖಾಲಿಯಾಗುತ್ತಿತ್ತೇ ಹೊರತು ಕೆಮ್ಮು ಖಾಲಿಯಾಗಲಿಲ್ಲ. ಕಾಲೊನಿಯ ತೋಟದ ಕೆಲಸ ನೋಡುವ ಸುಪರ್ವೈಜರ್ ಅಮೃತಪ್ಪ ಒಂದು ದಿನ ಪ್ಲಾಂಟಿಗೆ ಬಂದು, "ಹುಲ್ಲಿನ ಗಾಡಿ ಯಾರಿಗೆ ಬರ್ತದೋ?" ಎಂದಾಗ ಉದಯಕುಮಾರ ಕೈ ಎತ್ತಿದ. ಆ ಗಾಡಿ ಕಪ್ಪೋ ಬಿಳುಪೋ ಅವನಿಗೆ ಗೊತ್ತಿರಲಿಲ್ಲ. ಕೈ ಮಾತ್ರ ಮೇಲಿತ್ತು.

ಗಾಡಿ ಬೇರೊಂದು ಫ್ಯಾಕ್ಟರಿಯಲ್ಲಿ ದುಡಿದು ಬಂದ ಹಳೆಯ ಮಾಲು. ಉದಯ ಅದನ್ನು ಹೊಸದರ ಹಾಗೆ ನೋಡಿಕೊಂಡ. ಮೊಬೈಲಿನಲ್ಲಿ ಹುಡುಕಿದಾಗ ಯಾವುದೋ ದೇಶದ ಕೆಂಪು ಮುಖದ ಮುದುಕನೊಬ್ಬ ಇಂಥದ್ದೇ ಗಾಡಿಗೆ ದಿನಾ ಕೆಲಸ ಮುಗಿದ ಮೇಲೆ ಪೈಪು ಹಿಡಿದು, ಬ್ಲೇಡು ತಿರುಗುತ್ತಿರುವಾಗಲೇ ಹೊಟ್ಟೆಯೊಳಗೆ ನೀರು ಬಿಡುವುದು ಕಂಡಿತು. ಮಾತು ತಿಳಿಯದಿದ್ದರೂ ಕೆಲಸ ತಿಳಿಯಿತು. ಅಂದಿನಿಂದ ಉದಯಕುಮಾರನೂ ದಿನಾ ಸಂಜೆ ನೀರು ಬಿಟ್ಟು ತೊಳೆದ. ತೋಟದ ಕಸ ಗುಡಿಸುವ ರಶೀದಾಬೇಗಂ, ಕಾಲೊನಿಗೆಲ್ಲ ಖಾಲಾ ಎಂದರೆ ಚಿಕ್ಕಮ್ಮ, ಅವನನ್ನು ನೋಡಿ ನಗುತ್ತಿದ್ದಳು.

"ಎಮ್ಮಿ ತೊಳದಂಗ ತೊಳೀತಿ ಬೇಟಾ. ಹಾಲು ಎಷ್ಟ ಕೊಡ್ತದ?"

"ಹಾಲು ಕೊಡೂದಿಲ್ಲ ಖಾಲಾ. ಒದೀಯೂದಿಲ್ಲ, ಅಷ್ಟ ಸಾಕು."

ಮಳೆಗಾಲ ಮುಗಿಯುತ್ತಿದ್ದಂತೆ ಗಾಡಿ ಒದೆಯಲು ಶುರುಮಾಡಿತು. ಮೊದಲು ಕಟಕಟ. ಆಮೇಲೆ ಗರಗರ. ದೀಪಾವಳಿ ದಾಟುವ ಹೊತ್ತಿಗೆ ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದ ಹಾಗೆ, ಹಲ್ಲು ಕಡಿದ ಹಾಗೆ, ಎರಡೂ ಸೇರಿದ ಸದ್ದು. ರಾತ್ರಿ ಪಾಳಿ ಮುಗಿಸಿ ಮಲಗಿದ ಎಂಜಿನಿಯರುಗಳು ಬನಿಯನ್ನಿನ ಮೇಲೇ ಬಾಗಿಲಿಗೆ ಬಂದು ಬೈದರು. ಕಾಲೊನಿ ಮ್ಯಾನೇಜರ್ ಸಾಹೇಬರು ಮೊಬೈಲಿನಲ್ಲಿ ಮೀಟಿಂಗ್ ಮಾಡುತ್ತಿದ್ದಾಗ ಆ ಕಡೆಯವರು, ಅಲ್ಲೇನು ಕ್ರಷರ್ ನಡೆದಿದೆಯೇ ಎಂದು ಕೇಳಿದರಂತೆ.

ಒಂದು ಗುರುವಾರ ಅಮೃತಪ್ಪ ಬಂದು ಗಾಡಿಯ ಮುಂದೆ ಅಡ್ಡ ನಿಂತ. ಉದಯ ಎಂಜಿನ್ ಆಫ್ ಮಾಡಿದ.

"ಉದ್ಯಾ, ಸೋಮವಾರ ಸ್ಕ್ರಾಪಿನ ಲಾರಿ ಬರ್ತದ. ಅಷ್ಟ್ರೊಳಗ ಇದರ ಬಾಯಿ ಮುಚ್ಚಿಸ್ದಿ, ಛಲೋ. ಇಲ್ಲಾಂದ್ರ ಇದು ಲಾರ್ಯಾಗ, ನೀ ಪ್ಯಾಕಿಂಗದಾಗ."

"ಮತ್ತ ಹುಲ್ಲು ಯಾರು ಕತ್ತರಸ್ತಾರ್ರಿ?"

"ಕೈಲೆ ನೂಕೂ ಮಷೀನ್ ತರಸ್ತಾರಂತ. ಅದಕ್ಕ ಹೆಣ್ಣಾಳು ಸಾಕು."

ಅಲ್ಲೇ ಎಲೆ ಗುಡಿಸುತ್ತಿದ್ದ ರಶೀದಾಬೇಗಂ ನೆಟ್ಟಗಾದಳು. "ಹೆಣ್ಣಾಳು ಯಾಕ ಸಾಕ್ರಿ ಅಮೃತಪ್ಪನೋರ? ನಮ್ಮ ಕೈ ಏನ್ ಪುಕ್ಕಟಾ ಬಿದ್ದಾವೇನು? ನೀವೂ ಒಂದ್ ದಿನ ನೂಕಿ ನೋಡ್ರಲ್ಲ, ಹೊಟ್ಟಿ ಕರಗ್ತದ."

ಅಮೃತಪ್ಪ ಹೊಟ್ಟೆ ಒಳಗೆಳೆದುಕೊಂಡು ಹೋದ. ಉದಯ ಸೀಟಿನ ಮೇಲೇ ಕೂತಿದ್ದ. ಗಂಟಲಿನಲ್ಲಿ ಹಳೆಯ ಕೆಮ್ಮು ಒಮ್ಮೆ ಮಿಸುಕಿದ ಹಾಗಾಯಿತು. ನಾನಿನ್ನೂ ಇಲ್ಲೇ ಇದ್ದೇನೆ ಎಂದು ಹೇಳಿಕೊಂಡ ಹಾಗೆ.

ಮರುದಿನ ಅವನು ಗುಲಾಮ ದಸ್ತಗೀರನನ್ನು ಕರೆತಂದ. ದಸ್ತಗೀರ ಚಾಚಾ ಎಂದರೆ ವಾಡಿ ಸ್ಟೇಷನ್ ರಸ್ತೆಯಲ್ಲಿ ಟಂಟಂ ರಿಪೇರಿ ಮಾಡುವವನು. ಉದಯ ದಿನಾ ಬರುವ ಟಂಟಂ ಇನ್ನೂ ಚೂರುಚೂರಾಗದೆ ಓಡುತ್ತಿರುವುದು ಅವನ ಕೈಗುಣ. ಬಂದವನೇ ಗಾಡಿಯನ್ನು ಒಂದು ಸುತ್ತು ಹಾಕಿ, "ಇದಕ್ಕ ಪ್ಯಾಸೆಂಜರ್ ಎಲ್ಲಿ ಕುಂದ್ರತಾರ?" ಎಂದ.

"ಪ್ಯಾಸೆಂಜರ್ ಇಲ್ಲ ಚಾಚಾ. ನಾ ಒಬ್ಬಾವನೇ."

"ಬಾಡಗಿ ಇಲ್ಲದ ಗಾಡಿ. ಅದಕ್ಕ ಒದರ್ಲಿಕತ್ತದ. ಜುಮ್ಮಾ ನಮಾಜಿನೊಳಗ ಮುಗಿಸಿ ಬಿಡ್ತೀನಿ, ಫಿಕರ್ ಮಾಡಬ್ಯಾಡ."

ಅವನ ಪರೀಕ್ಷೆ ಡಾಕ್ಟರನ ಹಾಗೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನಿಗೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತ. ಬ್ಲೇಡು ತಿರುಗದಂತೆ ಲಿವರ್ ಎತ್ತಿಸಿ ಬರೀ ಎಂಜಿನ್ ಓಡಿಸಿದ. ಸದ್ದು ಇತ್ತು, ಆದರೆ ಅದು ಎಂಜಿನ್ನಿನ ಸದ್ದು. ಲಿವರ್ ಇಳಿಸಿ ಬ್ಲೇಡಿಗೆ ಚಾಲನೆ ಕೊಟ್ಟ ಕೂಡಲೇ ಕೆಳಗಿನಿಂದ ಕಲ್ಲಿನ ಡಬ್ಬಿ ಎದ್ದಿತು. ಚಾಚಾ ಕಣ್ಣು ತೆರೆದ.

"ದಿಲ್ ಸಾಫ್ ಅದ. ಪೇಟ್ ಖರಾಬ್ ಅದ."

ಎದೆಯಲ್ಲಿ ದೋಷವಿಲ್ಲ, ಹೊಟ್ಟೆಯಲ್ಲಿದೆ. ಬರುವ ಸದ್ದೆಲ್ಲ ಸೈಲೆನ್ಸರಿನದೇ ಎಂದು ಒಂದು ತಿಂಗಳಿಂದ ಅದರ ಬೋಲ್ಟು ಬಿಗಿಯುತ್ತ ಬಂದಿದ್ದ ಐ.ಟಿ.ಐ. ಫಿಟ್ಟರ್ ಉದಯಕುಮಾರ ತಲೆ ತಗ್ಗಿಸಿದ. ಬಿಗಿದು ಬಿಗಿದು ಒಂದು ಬೋಲ್ಟಿನ ತಲೆಯೇ ದುಂಡಗಾಗಿತ್ತು. ಚಾಚಾ ಅದನ್ನು ಬೆರಳಿನಿಂದ ಮುಟ್ಟಿ ನೋಡಿ ಬೆಲ್ಟಿನ ಕಡೆ ತಿರುಗಿದ. ಬೈದಿದ್ದರೇ ವಾಸಿ ಇತ್ತು.

ಮೊದಲು ಬೆಲ್ಟು ಬಿಚ್ಚಿದರು. ಬೆಲ್ಟು ಸರಿ ಇತ್ತು. ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದರೆ ಒಂದು ಬೇರಿಂಗ್ ಸಣ್ಣಗೆ ಅಳುತ್ತಿತ್ತು. "ಸಿಕ್ತು ಕಳ್ಳ" ಎಂದು ಚಾಚಾ ತನ್ನ ಚೀಲದಿಂದ ಟಂಟಂನ ಬೇರಿಂಗ್ ತೆಗೆದು ಕೂಡಿಸಿದ. ಕೂಡಿತು. ಓಡಿಸಿದರು. ಅಳು ನಿಂತಿತು, ಕಲ್ಲಿನ ಡಬ್ಬಿ ನಿಲ್ಲಲಿಲ್ಲ. ಆಮೇಲೆ ಬ್ಲೇಡು ಬಿಚ್ಚಿದರು. ತುದಿ ಬಾಗಿತ್ತು. "ಇವನೇ ಹಿರೇ ಕಳ್ಳ" ಎಂದು ಬ್ಲೇಡನ್ನು ಬಗಲಲ್ಲಿಟ್ಟುಕೊಂಡು ಚಾಚಾ ನಮಾಜಿಗೆ ಹೋದ. ಹಾಗೇ ವಾಡಿಯ ಕಮ್ಮಾರನ ಹತ್ತಿರ ಬಡಿಸಿ, ಸಾಣೆ ಹಿಡಿಸಿಕೊಂಡು ಇಳಿಹೊತ್ತಿಗೆ ಬಂದ. ಹಾಕಿ ಓಡಿಸಿದರೆ ಸದ್ದು ಮೊದಲಿಗಿಂತ ಜೋರಾಯಿತು. ಬಾಗಿದ ಬ್ಲೇಡು ತಲೆ ತಗ್ಗಿಸಿ ತಿರುಗುತ್ತಿತ್ತು ಎಂದು ಕಾಣುತ್ತದೆ. ನೆಟ್ಟಗಾದದ್ದು ನೇರವಾಗಿ ಏನಕ್ಕೋ ತಿಕ್ಕುತ್ತಿತ್ತು.

"ಏನಕ್ಕ ತಿಕ್ಲಿಕತ್ತದ ಚಾಚಾ? ಒಳಗ ಹೊಕ್ಕು ನೋಡ್ರಿ."

ಚಾಚಾ ಹುಲ್ಲಿನ ಮೇಲೆ ಅಂಗಾತ ಮಲಗಿ, ಮೊಬೈಲಿನ ಬೆಳಕು ಹಿಡಿದು ಗಾಡಿಯ ಕೆಳಗೆ ತಲೆ ತೂರಿಸಿದ.

"ಹ್ಯಾಂಗದ?"

"ಛಲೋ ಅದ. ಕಂಪನಿಯಾವ ದಪ್ಪಗ ಬಣ್ಣ ಹೊಡದಾನ, ಬೂದಿ ಬಣ್ಣ. ಜಂಗ್ ಇಲ್ಲ, ತುಕ್ಕ ಇಲ್ಲ. ನೀ ತೊಳದು ತೊಳದು ಕನ್ನಡಿ ಮಾಡಿಟ್ಟಿ ಮಿಯಾಂ."

ಉದಯಕುಮಾರನಿಗೆ ಆ ಹೊತ್ತಿನಲ್ಲೂ ಎದೆ ಉಬ್ಬಿತು. ಬೇರೆ ಏನಿಲ್ಲದಿದ್ದರೂ ಸ್ವಚ್ಛತೆಗೆ ಹೆಸರಾದೆ ಎಂದುಕೊಂಡ. ಚಾಚಾ ಮೈ ಝಾಡಿಸಿಕೊಂಡು ಎದ್ದು, ನಾಳೆ ಬರುತ್ತೇನೆಂದು ಹೋದ.

ಶನಿವಾರ ಬಂದ. ನಟ್ಟು ಬಿಚ್ಚಿದ, ಹಾಕಿದ. ಬ್ಲೇಡಿನ ನಡುವಿನ ಅಚ್ಚನ್ನೂ ಬಿಚ್ಚಿ ಗ್ರೀಸು ತುಂಬಿದ. ಮಧ್ಯಾಹ್ನದ ಹೊತ್ತಿಗೆ ನಟ್ಟು ಬಿಚ್ಚುವ ಪಾನಾ ಕೆಳಗೆ ಹಾಕಿ, "ಬೇಟಾ, ಇದರ ಉಮರ್ ಮುಗದದ. ಮನಷ್ಯಾಗಾದ್ರ ದುವಾ ಮಾಡ್ತಿದ್ದೆ" ಎಂದು ಬುತ್ತಿ ಬಿಚ್ಚಲು ಬೇವಿನ ಮರದ ನೆರಳಿಗೆ ಹೋದ.

ಉದಯ ಗಾಡಿಯ ಗಾಲಿಗೆ ಬೆನ್ನು ಕೊಟ್ಟು ಕೂತ. ಹಸಿವೆ ಇರಲಿಲ್ಲ. ಸೋಮವಾರದ ಪಾಳಿ, ಟವೆಲ್, ಬಿಸಿ ಚೀಲ ಎಲ್ಲ ಕಣ್ಣ ಮುಂದೆ ಸಾಲಾಗಿ ನಿಂತಿದ್ದವು. ನಾಳೆ ಭಾನುವಾರ ಅವ್ವನಿಗೆ ಹೇಳಬೇಕು. ಅವ್ವ ಇನ್ನೊಂದು ಸಂಬಂಧ ಹುಡುಕಿದ್ದಾಳೆ. ಸೇಡಂ ತಾಲ್ಲೂಕಿನ ಮುಧೋಳದ ಕಡೆಯವರು, ಅವರಿಗೂ ಡ್ರೈವರ್ ಎಂದೇ ಹೇಳಿಯಾಗಿದೆ. ಇನ್ನು ಮೇಲೆ ಅದು ನಿಜವಾದ ಸುಳ್ಳಾಗುತ್ತದೆ.

ಕೈಯಲ್ಲಿದ್ದ ಪಾನಾದಿಂದ ಅವನು ಸುಮ್ಮನೆ ಗಾಡಿಯನ್ನು ತಟ್ಟುತ್ತಿದ್ದ. ತಟ್ಟುವುದು ಅವನಿಗೆ ಮನೆಯಿಂದ ಬಂದ ಚಾಳಿ. ಅಪ್ಪ ರೇವಣಸಿದ್ದಪ್ಪ ಶಹಾಬಾದಿನ ಫರಸಿ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ದುಡಿಯುವವನು. ಗಣಿಯಿಂದ ಬಂದ ಹಾಸುಗಲ್ಲನ್ನು ಮಷೀನಿಗೆ ಕೊಡುವ ಮೊದಲು ಅಲ್ಲಿ ಎಲ್ಲರೂ ಸುತ್ತಿಗೆಯ ಹಿಡಿಯಿಂದ ಒಮ್ಮೆ ತಟ್ಟುತ್ತಾರೆ. ಗಟ್ಟಿ ಕಲ್ಲು ಟಣ್ ಎನ್ನುತ್ತದೆ, ಒಳಗೆ ಬಿರುಕಿದ್ದರೆ ದಪ್ ಎನ್ನುತ್ತದೆ. "ಹಾಡೂ ಕಲ್ಲು ಇಟ್ಕೋ, ಕೆಮ್ಮೂ ಕಲ್ಲು ಬಿಸಾಕು" ಎಂಬುದು ಅಪ್ಪನ ಮಾತು. ಉದಯ ರಾತ್ರಿ ಕೆಮ್ಮುತ್ತಿದ್ದ ದಿನಗಳಲ್ಲಿ ಅಪ್ಪ ಈ ಮಾತು ಆಡುವುದನ್ನು ಬಿಟ್ಟಿದ್ದ.

ಎಂಜಿನ್ನಿನ ಮುಚ್ಚಳ ತಟ್ಟಿದ. ಟಣ್. ಸೀಟಿನ ಅಡಿಯ ತಗಡು ತಟ್ಟಿದ. ಟಣ್. ಕೈ ಕೆಳಗಿಳಿದು ಬ್ಲೇಡಿನ ಮೇಲಿನ ಪರಾತದ ತಗಡಿಗೆ ಬಂತು.

ದಪ್.

ಕೈ ನಿಂತಿತು. ಇನ್ನೊಂದು ಕಡೆ ತಟ್ಟಿದ. ದಪ್. ಅಂಚಿನಲ್ಲಿ ತಟ್ಟಿದ. ದಪ್. ಇದು ತೆಳು ತಗಡು. ಮಳೆಹನಿ ಬಿದ್ದರೂ ಮಾತಾಡಬೇಕಾದದ್ದು, ಗೋಡೆಯ ಹಾಗೆ ಗಪ್ಪಾಗಿತ್ತು.

"ಖಾಲಾ, ಜರಾ ಇಲ್ಲಿ ಬರ್ರಿ. ಇದು ಕೇಳ್ರಿ."

"ನಾ ಏನ್ ಬ್ಯಾಂಡಿನಾಕಿ ಏನು, ಬಾಜಾ ಕೇಳ್ಲಿಕ್ಕ?" ಎಂದಳು ರಶೀದಾಬೇಗಂ. ಆದರೂ ಬಂದಳು, ಕೇಳಿದಳು. "ನಮ್ಮ ಮನಿ ಕಟ್ಟಿ ತಟ್ಟಿದಂಗ ಆತು."

ಉದಯ ಬೇವಿನ ಮರದ ಕಡೆ ಕೂಗಿದ. ಚಾಚಾ ಬಾಯಲ್ಲಿ ರೊಟ್ಟಿಯಿಟ್ಟುಕೊಂಡೇ ಬಂದ. ಮೂವರೂ ಕೂಡಿ ಸಬ್ಬಲು ಹಾಕಿ ಗಾಡಿಯ ಮೂತಿ ಎತ್ತಿ, ಮುಂದಿನ ಗಾಲಿಗಳ ಕೆಳಗೆ ಫರಸಿ ತುಂಡುಗಳನ್ನು ಒಂದರ ಮೇಲೊಂದು ಇಟ್ಟರು. ಬ್ಲೇಡು ಬಿಚ್ಚಿದ ಮೇಲೆ ಉದಯ ಕೆಳಗೆ ಮಲಗಿ ಒಳಗೆ ನೋಡಿದ. ಚಾಚಾ ಹೇಳಿದ್ದು ಸುಳ್ಳಲ್ಲ: ಬೂದು ಬಣ್ಣ, ನುಣ್ಣಗೆ, ಕನ್ನಡಿಯಂತೆ. ಆದರೆ ಬ್ಲೇಡಿನ ತುದಿ ತಿರುಗುವ ಕಡೆ ಬಣ್ಣದಲ್ಲಿ ದುಂಡಗೆ ಒಂದು ಆಳವಾದ ಗೀರು ಇತ್ತು. ತಗಡಿನಲ್ಲಿ ಅಷ್ಟು ಆಳ ಗೀರಲು ತಗಡೇ ಅಷ್ಟು ದಪ್ಪ ಇರಲಿಲ್ಲ.

ಉಳಿಯನ್ನು ಗೀರಿಗೆ ಇಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಿದ. ಅಂಗೈಯಗಲದ ಬಣ್ಣ ಕಳಚಿ ಅವನ ಎದೆಯ ಮೇಲೆ ಬಿತ್ತು. ಉಸಿರು ಕಟ್ಟಿತು; ಅಷ್ಟು ಭಾರ. ಹೊರಗೆ ತಂದು ಬಿಸಿಲಿಗೆ ಹಿಡಿದರೆ ಬಣ್ಣವಲ್ಲ, ಕಲ್ಲು. ಪದರ ಪದರವಾಗಿ ಕೂತ ಸಿಮೆಂಟು, ಪದರದ ನಡುವೆ ಒಣಹುಲ್ಲಿನ ಎಳೆಗಳು.

ದಸ್ತಗೀರ ಚಾಚಾ ಬಾಯಲ್ಲಿದ್ದ ರೊಟ್ಟಿಯನ್ನು ನಿಧಾನಕ್ಕೆ ನುಂಗಿದ.

"ಚಾಚಾ, ನಾಕ್ ಬಟ್ಟ ದಪ್ಪ ಬಣ್ಣ ಯಾವ ಕಂಪನಿ ಹೊಡೀತದ?"

"ಛಲೋ ಕಂಪನಿ" ಎಂದ ಚಾಚಾ.

ಉದಯಕುಮಾರನಿಗೆ ಎಲ್ಲ ಒಮ್ಮೆಲೇ ಹೊಳೆಯಿತು. ಹೊಳೆದದ್ದಕ್ಕೆ ಸಂತೋಷವಾಗುವ ಮೊದಲು ನಾಚಿಕೆಯಾಯಿತು. ಕಾಲೊನಿಯಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಸಂಗತಿ ಇದು. ಬೆಳಗ್ಗೆ ಎದ್ದು ನೋಡಿದರೆ ಸ್ಕೂಟರಿನ ಸೀಟಿನ ಮೇಲೆ, ತುಳಸಿ ಎಲೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಬೂದು ಪುಡಿ. ಅದಕ್ಕೆ ಯಾರೂ ನೀರು ಮುಟ್ಟಿಸುವುದಿಲ್ಲ. ಮೊದಲು ಒಣ ಬಟ್ಟೆಯಲ್ಲಿ ಝಾಡಿಸಿ, ಆಮೇಲೆ ಹಸಿ ಬಟ್ಟೆ. ನೀರು ಮೊದಲು ಹಾಕಿದೆಯೋ, ಕೂತಲ್ಲೇ ಕೂತಿತು. ಹುಲ್ಲಿನ ಮೇಲೂ ಅದೇ ಪುಡಿ ಬೀಳುತ್ತದೆ. ಬ್ಲೇಡು ಹುಲ್ಲಿನ ಜೊತೆ ಅದನ್ನೂ ಎಬ್ಬಿಸಿ ತಗಡಿಗೆ ಹೊಡೆಯುತ್ತದೆ. ದಿನಾ ಸಂಜೆ ಅದಕ್ಕೆ ನೀರು ಹಾಕಿದವನು ಯಾರು? ಪ್ಯಾಕಿಂಗ್ ಪ್ಲಾಂಟಿನಲ್ಲಿ ಸ್ವಂತ ಹುಬ್ಬಿನ ಮೇಲೆ ಪ್ಲಾಸ್ಟರ್ ಮಾಡಿಕೊಂಡು ಬಂದವನು. ಆ ಕೆಂಪು ಮುಖದ ಮುದುಕನ ಊರಿನಲ್ಲಿ ಸಿಮೆಂಟ್ ಫ್ಯಾಕ್ಟರಿ ಇರಲಿಲ್ಲ ಎಂಬ ಒಂದು ಸಣ್ಣ ಮಾತು ಉದಯಕುಮಾರನ ತಲೆಗೆ ಹೋಗಿರಲಿಲ್ಲ.

ರಶೀದಾಬೇಗಂ ಕಲ್ಲನ್ನು ಕೈಯಲ್ಲಿ ಹೊರಳಿಸಿ ನೋಡಿದಳು. ಅವಳ ಭುಜ ಕುಲುಕತೊಡಗಿತು.

"ಮನಿ ಕಟ್ಟೀದಿ ಬೇಟಾ. ದಿನಾ ಸಂಜೀಕ ನೀರು ಹೊಡದು ಕ್ಯೂರಿಂಗ್ ಬ್ಯಾರೆ ಮಾಡೀದಿ."

"ಹುಲ್ಲೂ ಹಾಕ್ಯಾನ" ಎಂದ ಚಾಚಾ, "ಕಬ್ಬಣದ ಸರಳಿನ ಬದ್ಲಿ."

ಸಂಜೆಯವರೆಗೆ ಉದಯ ಮತ್ತು ಚಾಚಾ ಸರದಿಯ ಮೇಲೆ ಮಲಗಿ ಉಳಿ ಬಡಿದರು. ಪಕ್ಕದಲ್ಲಿ ಸಣ್ಣ ಗುಡ್ಡೆಯಾಯಿತು. ತಗಡಿನ ನಿಜವಾದ ಬಣ್ಣ ಹಸಿರು ಎಂದು ಅಂದು ಎಲ್ಲರಿಗೂ ಗೊತ್ತಾಯಿತು. ಕೊನೆಯ ತುಂಡು ಬಿದ್ದ ಮೇಲೆ ಉದಯ ಮೇಲಿನಿಂದ ಪಾನಾದಿಂದ ತಟ್ಟಿದ. ಟಣ್ ಎಂದಿತು. ಆ ಟಣ್ ಕೇಳಿ ಅವನಿಗೆ ಅಳು ಬಂದಂತಾಯಿತು; ಕಣ್ಣಿಗೆ ಪುಡಿ ಬಿದ್ದಿದ್ದರಿಂದ ಒರೆಸಿಕೊಳ್ಳಲು ನೆಪ ಸಿಕ್ಕಿತು.

ಅಷ್ಟರಲ್ಲಿ ಅಮೃತಪ್ಪ ಬಂದ. ಗುಡ್ಡೆ ನೋಡಿದ.

"ಇದೇನೋ?"

"ಗಾಡಿ ಹೊಟ್ಟ್ಯಾಗ ಇತ್ರಿ."

"ಯಾರು ತುಂಬಿದ್ರು?"

ಚಾಚಾ ಆಕಾಶ ನೋಡಿದ. ಖಾಲಾ ಕಸಬರಿಗೆ ನೋಡಿದಳು. ಉದಯಕುಮಾರ ಉಳಿ ಕೆಳಗಿಟ್ಟ. ಸೀಟು ಉಳಿಯುತ್ತದೋ ಇಲ್ಲವೋ ಇನ್ನೂ ಗೊತ್ತಿರಲಿಲ್ಲ. "ನಾನೇ ರೀ" ಎಂದ. "ಹುಲ್ಲಿನ ಮ್ಯಾಲಿನ ಸಿಮೆಂಟು. ದಿನಾ ನೀರು ಹಾಕಿ ತೊಳದೆ. ಕುಂತಬಿಡ್ತು."

ಅಮೃತಪ್ಪ ಬೈಯುತ್ತಾನೆ ಎಂದು ಮೂವರೂ ಕಾದರು. ಅವನು ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದ.

"ಸಾಹೇಬ್ರ ಮುಂದ ಸಿಮೆಂಟ್ ಅನಬ್ಯಾಡ."

"ಯಾಕ್ರಿ? ನನ್ನ ತಪ್ಪು ನಾ ಹೇಳ್ತೀನಿ."

"ನಿನ್ನ ತಪ್ಪು ಯಾಂವಗ ಬೇಕಾಗ್ಯದೋ? ಸಿಮೆಂಟ್ ಎಲ್ಲಿಂದ ಬಂತು ಅಂತ ಕೇಳ್ತಾರ."

"ಮ್ಯಾಲಿಂದ."

"ಮ್ಯಾಲೆ ಏನದ?"

ಉದಯ ತಲೆ ಎತ್ತಿದ. ಬೇವಿನ ಮರದ ಹಿಂದೆ ಫ್ಯಾಕ್ಟರಿಯ ಚಿಮಣಿ ಇತ್ತು. ಗೇಟಿನಲ್ಲಿ ಹಸಿರು ಅಕ್ಷರದಲ್ಲಿ 'ಧೂಳುಮುಕ್ತ ಕಾಲೊನಿ' ಎಂಬ ಬೋರ್ಡು ಇತ್ತು. ವಾರಕ್ಕೊಮ್ಮೆ ಖಾಲಾ ಅದನ್ನು ಒಣ ಬಟ್ಟೆಯಲ್ಲಿ ಒರೆಸುತ್ತಿದ್ದಳು.

"ಆಕಾಶ ಅದ ರೀ" ಎಂದ.

"ಹಾಂ. ಆಕಾಶದಾಗ ಸಿಮೆಂಟ್ ಇರ್ತದೇನು? ಬೇರಿಂಗ್ ಹೋಗಿತ್ತು ಅನ್ನು." ಹೋಗುವಾಗ ತಿರುಗಿ ನಿಂತು, "ಇನ್ನ ನೀರು ಮುಟ್ಟಿಸೀದಿ ಅಂದ್ರ ನೋಡು ಮತ್ತ. ಒಣಾ ಬ್ರಶ್ಶು. ತಿಳೀತಾ?" ಎಂದ.

"ತಿಳೀತ್ರಿ."

ಒಂದು ತುಂಡನ್ನು ಉದಯ ಚೀಲದಲ್ಲಿಟ್ಟುಕೊಂಡು ಶಹಾಬಾದಿಗೆ ಒಯ್ದ. ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಗಂಟಿನಿಂದ ತಟ್ಟಿ ಕೇಳಿದ. ಇಡೀ ಕಥೆ ಹೇಳಿಸಿಕೊಂಡ. ಕೊನೆಗೆ, "ಮಾಲು ಗಟ್ಟಿ ಅದ. ನಮ್ಮ ಅಂಗಳಕ್ಕ ಹಾಕಿದ್ದು ಇಷ್ಟ ಗಟ್ಟಿ ಕೂಡಲಿಲ್ಲ" ಎಂದು ಬಾಗಿಲು ಬಡಿಯದಂತೆ ಅಡ್ಡ ಇಟ್ಟ. ಭಾಗ್ಯಶ್ರೀ, "ಮುಧೋಳದವ್ರು ಬಂದಾಗ ಇದನ್ನ ತೋರಸೂನು. ಡ್ರೈವರ್ ಅಷ್ಟ ಅಲ್ಲ, ಮನಿ ಕಟ್ಟೂ ಗೌಂಡಿನೂ ಹೌದು ಅಂತ" ಎಂದಳು.

ಸೋಮವಾರ ಸ್ಕ್ರಾಪಿನ ಲಾರಿ ಗೋದಾಮಿನ ಮುಂದೆ ನಿಂತಿತ್ತು. ಮ್ಯಾನೇಜರ್ ಸಾಹೇಬರು ಗೆಸ್ಟ್ ಹೌಸಿನ ಜಗುಲಿಗೆ ಬಂದು ನಿಂತರು. ಉದಯಕುಮಾರ ಕೀಲಿ ತಿರುಗಿಸಿದ, ಲಿವರ್ ಇಳಿಸಿದ, ಬಯಲಿಗೆ ಒಂದು ಸುತ್ತು ಹಾಕಿದ. ಎಂಜಿನ್ ಎಂದ ಮೇಲೆ ಸದ್ದು ಇದ್ದೇ ಇರುತ್ತದೆ. ಆದರೆ ಇದು ಮಾತಾಡುವ ಸದ್ದು, ಒದರುವ ಸದ್ದಲ್ಲ. ಅವನ ಅಂಗೈ ಮಾತ್ರ ಸ್ಟಿಯರಿಂಗಿಗೆ ಅಂಟಿಕೊಂಡಿತ್ತು. ಸುತ್ತು ಮುಗಿಸಿ ಜಗುಲಿಯ ಮುಂದೆ ನಿಲ್ಲಿಸಿದ.

"ಇಷ್ಟಾದ್ರೆ ಪರವಾಗಿಲ್ಲ" ಎಂದರು ಮೈಸೂರು ಕಡೆಯ ಸಾಹೇಬರು. "ಏನಾಗಿತ್ತಪ್ಪ ಇದಕ್ಕೆ?"

ಸಾಹೇಬರ ಹಿಂದೆ ಅಮೃತಪ್ಪ ಕೈಕಟ್ಟಿ ನಿಂತಿದ್ದ. ಅವನ ಹುಬ್ಬು ಏರಿತ್ತು.

"ಬೇರಿಂಗ್ ಸರ್."

"ನನಗನ್ನಿಸಿತ್ತು" ಎಂದು ಸಾಹೇಬರು ಮೊಬೈಲು ಕಿವಿಗೆ ಹಚ್ಚಿ ಒಳಗೆ ಹೋದರು. ಲಾರಿಯವನು ಬಂದದ್ದಕ್ಕೆ ಮುರಿದ ಜೋಕಾಲಿ, ತುಕ್ಕು ಹಿಡಿದ ಸೈಕಲ್ ಸ್ಟ್ಯಾಂಡು ಹೇರಿಕೊಂಡು ಹೊರಟ. ಲಾರಿ ಗೇಟು ದಾಟುವವರೆಗೂ ಉದಯಕುಮಾರ ಅದರ ಬೆನ್ನು ನೋಡುತ್ತಿದ್ದ. ಸೀಟು ಉಳಿಯಿತು.

ಉಳಿದ ಸೀಟಿನ ಮೇಲೆ ಅವನು ಆ ವಾರವೇ ಎರಡು ಸಂಗತಿ ಕಲಿತ. ಸದ್ದಿದ್ದಾಗ ಅವನಿಗೆ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಅವನಿಗೆ ಕೇಳಿಸುವುದಿಲ್ಲವೆಂದು ಯಾರೂ ಕರೆಯುತ್ತಲೂ ಇರಲಿಲ್ಲ. ಈಗ ಒಂದೊಂದು ಬಂಗಲೆಯ ಮುಂದೆ ಹಾದಾಗಲೂ ಜಗುಲಿಯಿಂದ ದನಿ ಬರುತ್ತದೆ. ಉದಯಾ, ಸಿಲಿಂಡರ್ ಒಳಗಿಡು. ಉದಯಾ, ಟೆರೇಸಿನ ಮೇಲೆ ಚೆಂಡು ಬಿದ್ದಿದೆ. ಉದಯಾ, ಮಂಗ ಬಂದಿದೆ. ಕೇಳದವನಂತೆ ಹೋಗೋಣವೆಂದರೆ ಗಾಡಿ ಅಷ್ಟು ಮೆತ್ತಗೆ ಓಡುತ್ತದೆ. ಚೊಕ್ಕ ಕೆಲಸ ಮಾಡಿದ ತನ್ನ ಉಳಿಯನ್ನು ಅವನು ಮನಸ್ಸಿನಲ್ಲೇ ಬೈದುಕೊಂಡು ಕೆಳಗಿಳಿಯುತ್ತಾನೆ.

ಇನ್ನೊಂದು ಸಂಗತಿ ಸಂಜೆಯದು. ಕೆಲಸ ಮುಗಿದ ಮೇಲೆ ಗಾಡಿಯ ಮೂತಿಯನ್ನು ಫರಸಿಯ ಮೇಲೆ ಹತ್ತಿಸಿ, ಒಣ ಬ್ರಶ್ಶು ಹಿಡಿದು ಅವನು ಕೆಳಗೆ ಮಲಗುತ್ತಾನೆ. ಉಜ್ಜಿದರೆ ದಿನದ ಪುಡಿಯೆಲ್ಲ ಎದ್ದು ನೇರ ಮುಖದ ಮೇಲೆ ಬೀಳುತ್ತದೆ. ಮೊದಲ ದಿನ ಸುಮ್ಮನೆ ಉಜ್ಜಿ, ಪ್ಯಾಸೆಂಜರ್ ಗಾಡಿಯಲ್ಲಿ ಶಹಾಬಾದ ಬರುವವರೆಗೂ ಕೆಮ್ಮಿದ. ಎರಡನೆಯ ದಿನ ಪೆಟ್ಟಿಗೆಯಿಂದ ಪ್ಯಾಕಿಂಗ್ ಪ್ಲಾಂಟಿನ ಹಳೆಯ ಟವೆಲ್ ತಂದ. ಅವ್ವ ಅದನ್ನು ಒಗೆದು ಮಡಚಿ, ಇನ್ನು ಬೇಕಾಗುವುದಿಲ್ಲ ಎಂದು ತಳದಲ್ಲಿಟ್ಟಿದ್ದಳು.

"ನೀರು ಇದ್ದಾಗ ಗಾಡಿ ಕೆಮ್ಮತಿತ್ತು" ಎಂದ ಅವನು ಖಾಲಾಗೆ, ಟವೆಲ್ಲನ್ನು ಮೂಗಿನ ಮೇಲೆ ಬಿಗಿಯುತ್ತ. "ಈಗ ನನ್ನ ಪಾಳಿ."

ರಶೀದಾಬೇಗಂ ಈ ಸಲ ನಗಲಿಲ್ಲ. ತನ್ನ ಸೀರೆಯ ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿದಳು.

"ಈ ಕಡಿ ತಲಿ ಮಾಡಿ ಮಲಕೋ ಬೇಟಾ. ಪುಡಿ ಆ ಕಡಿ ಹೋಗ್ತದ."

ಉದಯಕುಮಾರ ತಲೆ ಈ ಕಡೆ ಮಾಡಿ ಮಲಗಿ ಉಜ್ಜತೊಡಗಿದ. ಪುಡಿ ಸಂಜೆಯ ಬಿಸಿಲಿನಲ್ಲಿ ಹೊಳೆಯುತ್ತ ಆ ಕಡೆ ಹೋಯಿತು, ಅಲ್ಲಿಯ ಹುಲ್ಲಿನ ಮೇಲೆ ಕೂತಿತು. ನಾಳೆ ಅದನ್ನೇ ಕತ್ತರಿಸಬೇಕು.